ಸಿ.ಇ.ಟಿ. ಪರೀಕ್ಷೆಗೆ ಪ್ರೌಢಶಾಲೆಯಿಂದಲೇ ಸಿದ್ಧತೆ

ಮಗನನ್ನೋ ಮಗಳನ್ನೋ ಕೃಷಿ ಕಾಲೇಜಿಗೆ ಸೇರಿಸಬೇಕೆಂಬ ಆಸೆ ಅನೇಕ ರೈತ ಕುಟುಂಬಗಳಲ್ಲಿದೆ. ಆದರೆ ಈ ವಿಚಾರ ಮನೆಯಲ್ಲಿ ಚರ್ಚೆಗೆ ಬರುವುದು ಬಹುಮಟ್ಟಿಗೆ ದ್ವಿತೀಯ ಪಿ.ಯು.ಸಿ. ಮುಗಿಯುವ ಹೊತ್ತಿಗೆ. ಆಗ ಸಾಲ ಮಾಡಿ ಅಥವಾ ಒಡವೆ ಅಡವಿಟ್ಟು, ಮಕ್ಕಳನ್ನು ಒಂದೆರಡು ತಿಂಗಳು ಪಟ್ಟಣದ ತರಬೇತಿ ಕೇಂದ್ರಕ್ಕೆ ಕಳಿಸುವುದುಂಟು. ಹದ ತಪ್ಪಿದ ಮೇಲೆ ಬಿತ್ತಿ ಗೊಬ್ಬರ ಸುರಿದರೆ ಖರ್ಚು ಹೆಚ್ಚುತ್ತದೆಯೇ ಹೊರತು ಇಳುವರಿ ಹೆಚ್ಚುವುದಿಲ್ಲ. ಪ್ರವೇಶ ಪರೀಕ್ಷೆಯ ಮಾತೂ ಹಾಗೆಯೇ. ಇದಕ್ಕೆ ಬೇಕಾದ ತಳಪಾಯವನ್ನು 8, 9 ಮತ್ತು 10ನೆಯ ತರಗತಿಗಳಲ್ಲಿ, ಹೆಚ್ಚಿನ ಖರ್ಚಿಲ್ಲದೆ ಹಾಕಬಹುದು. ಅಲ್ಲದೆ ಹೊಲದಲ್ಲಿ ಬೆಳೆದ ಮಗುವಿಗೆ ಈ ಪರೀಕ್ಷೆಯಲ್ಲಿ ಬೇರೆಯವರಿಗಿಲ್ಲದ ಒಂದು ಅನುಕೂಲವೂ ಇದೆ. ಇವೆರಡನ್ನೂ ರೈತ ಬಾಂಧವರು ತಿಳಿದಿರುವುದು ಅಗತ್ಯ.

ಪರೀಕ್ಷೆಯ ಸ್ವರೂಪ

ಕರ್ನಾಟಕದಲ್ಲಿ ವೃತ್ತಿಪರ ಕೋರ್ಸುಗಳ ಪ್ರವೇಶಕ್ಕಾಗಿ 1994ರಲ್ಲಿ ಪ್ರತ್ಯೇಕ ಸಿ.ಇ.ಟಿ. ಘಟಕ ಪ್ರಾರಂಭವಾಯಿತು. ಈಗ ಈ ಸಾಮಾನ್ಯ ಪ್ರವೇಶ ಪರೀಕ್ಷೆಯನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಸುತ್ತದೆ. ಬಿ.ಎಸ್ಸಿ. (ಆನರ್ಸ್) ಕೃಷಿ ಪದವಿಯ ಆಕಾಂಕ್ಷಿಗಳು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮತ್ತು ಜೀವಶಾಸ್ತ್ರ ಈ ನಾಲ್ಕೂ ವಿಷಯಗಳನ್ನು ಬರೆಯಬೇಕು. ಪ್ರತಿ ವಿಷಯಕ್ಕೆ 60 ಪ್ರಶ್ನೆಗಳು, 60 ಅಂಕಗಳು ಮತ್ತು 80 ನಿಮಿಷಗಳ ಕಾಲಾವಕಾಶವಿರುತ್ತದೆ. ಎಂದರೆ ಒಂದು ಪ್ರಶ್ನೆಗೆ ದೊರೆಯುವ ಸಮಯ 80 ಸೆಕೆಂಡುಗಳು ಮಾತ್ರ.

ಪ್ರತಿ ಪ್ರಶ್ನೆಗೆ ನಾಲ್ಕು ಉತ್ತರಗಳನ್ನು ಕೊಟ್ಟಿರುತ್ತಾರೆ. ಸರಿಯಾದುದನ್ನು ಆರಿಸಿ, ಓ.ಎಂ.ಆರ್. ಹಾಳೆಯಲ್ಲಿ ಅದಕ್ಕೆ ಸಂಬಂಧಿಸಿದ ವೃತ್ತವನ್ನು ಪೆನ್ನಿನಿಂದ ಪೂರ್ತಿಯಾಗಿ ತುಂಬಬೇಕು. ಒಮ್ಮೆ ತುಂಬಿದ್ದನ್ನು ಅಳಿಸಿ ತಿದ್ದಲು ಬರುವುದಿಲ್ಲ. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪದ್ಧತಿ ಇಲ್ಲವಾದುದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ವೈದ್ಯಕೀಯ ಕೋರ್ಸಿನ ನೀಟ್ ಪರೀಕ್ಷೆಯ ನಿಯಮ ಬೇರೆ. ಅಲ್ಲಿ ಸರಿಯುತ್ತರಕ್ಕೆ 4 ಅಂಕ ದೊರೆತರೆ ತಪ್ಪಿಗೆ 1 ಅಂಕ ಕಳೆಯುತ್ತಾರೆ. ಎರಡನ್ನೂ ಬರೆಯುವ ವಿದ್ಯಾರ್ಥಿಗಳು ಈ ವ್ಯತ್ಯಾಸವನ್ನು ಗಮನಿಸಬೇಕು.

ಪ್ರಶ್ನೆಗಳು ಪ್ರಥಮ ಮತ್ತು ದ್ವಿತೀಯ ಪಿ.ಯು.ಸಿ.ಗೆ ನಿಗದಿಯಾದ ಪಠ್ಯವನ್ನು ಆಧರಿಸಿರುತ್ತವೆ. 2024ರ ಏಪ್ರಿಲ್‌ನಲ್ಲಿ ನಡೆದ ಪರೀಕ್ಷೆಯಲ್ಲಿ ಪಠ್ಯಕ್ರಮದ ಹೊರಗಿನ 50 ಪ್ರಶ್ನೆಗಳು ಬಂದಾಗ ಅವುಗಳನ್ನು ಮೌಲ್ಯಮಾಪನದಿಂದ ಕೈಬಿಡಲಾಯಿತು. ಆದ್ದರಿಂದ ದಪ್ಪ ದಪ್ಪ ಮಾರ್ಗದರ್ಶಿಗಳಿಗಿಂತ ನಿಗದಿತ ಪಠ್ಯಪುಸ್ತಕವನ್ನೇ ಮುಖ್ಯ ಆಧಾರವಾಗಿ ಇಟ್ಟುಕೊಳ್ಳುವುದು ಸೂಕ್ತ.

ಅಂಕಗಳ ಲೆಕ್ಕಾಚಾರ

ಕೃಷಿ ಪದವಿಯ ಸಾಮಾನ್ಯ ರ‍್ಯಾಂಕಿಗೆ ದ್ವಿತೀಯ ಪಿ.ಯು.ಸಿ.ಯ ಈ ನಾಲ್ಕು ವಿಷಯಗಳ ಅಂಕಗಳಿಂದ ಅರ್ಧ ಭಾಗವನ್ನೂ ಸಿ.ಇ.ಟಿ. ಅಂಕಗಳಿಂದ ಅರ್ಧ ಭಾಗವನ್ನೂ ಪರಿಗಣಿಸಲಾಗುತ್ತದೆ. ಒಂದು ಉದಾಹರಣೆ ನೋಡಬಹುದು. ಒಬ್ಬ ವಿದ್ಯಾರ್ಥಿ ಪಿ.ಯು.ಸಿ.ಯಲ್ಲಿ ಶೇ. 90 ಅಂಕ ಗಳಿಸಿ, ಸಿ.ಇ.ಟಿ.ಯಲ್ಲಿ 240ಕ್ಕೆ 96, ಎಂದರೆ ಶೇ. 40 ಪಡೆದನೆನ್ನೋಣ. ಅವನ ಸರಾಸರಿ ಶೇ. 65. ಇನ್ನೊಬ್ಬಳು ಪಿ.ಯು.ಸಿ.ಯಲ್ಲಿ ಶೇ. 80 ಪಡೆದು, ಸಿ.ಇ.ಟಿ.ಯಲ್ಲಿ 132 ಅಂಕ, ಎಂದರೆ ಶೇ. 55 ಗಳಿಸಿದರೆ ಅವಳ ಸರಾಸರಿ ಶೇ. 67.5 ಆಗುತ್ತದೆ. ಪಿ.ಯು.ಸಿ.ಯಲ್ಲಿ ಮುಂದಿದ್ದವನು ಇಲ್ಲಿ ಹಿಂದೆ ಬೀಳುತ್ತಾನೆ. ಹಾಗೆಂದು ಸಿ.ಇ.ಟಿ.ಯನ್ನೇ ನೆಚ್ಚಿ ಪಿ.ಯು.ಸಿ. ಪರೀಕ್ಷೆಯನ್ನು ಅಲಕ್ಷಿಸಿದರೂ ನಷ್ಟವೇ. ಎರಡು ಎತ್ತುಗಳೂ ಸಮನಾಗಿ ಎಳೆದರೆ ಮಾತ್ರ ಬಂಡಿ ಸಾಗುತ್ತದೆ.

ಪ್ರೌಢಶಾಲೆಯಲ್ಲೇ ಏಕೆ?

ಎಂಬತ್ತು ಸೆಕೆಂಡಿನಲ್ಲಿ ಉತ್ತರ ಹುಡುಕಬೇಕಾದವನಿಗೆ ಭಾಗಾಕಾರ, ಶೇಕಡಾ, ಅನುಪಾತ, ಸಮೀಕರಣಗಳು ತಡವರಿಸದೆ ಬರಬೇಕು. ಇವೆಲ್ಲ ಪ್ರೌಢಶಾಲೆಯ ಪಾಠಗಳು. ಓರೆಯಾಗಿ ಎಸೆದ ಕಲ್ಲು ಎಷ್ಟು ದೂರ ಬೀಳುತ್ತದೆಂಬ ಪಿ.ಯು.ಸಿ. ಭೌತಶಾಸ್ತ್ರದ ಲೆಕ್ಕಕ್ಕೆ ಹತ್ತನೆಯ ತರಗತಿಯ ತ್ರಿಕೋನಮಿತಿಯೇ ಆಧಾರ. ಅಲ್ಲಿ ಸಡಿಲವಾದ ವಿದ್ಯಾರ್ಥಿ ಪಿ.ಯು.ಸಿ.ಯಲ್ಲಿ ಹೊಸ ಪಾಠವನ್ನೂ ಹಳೆಯ ಪಾಠವನ್ನೂ ಒಟ್ಟಿಗೆ ಕಲಿಯಬೇಕಾಗುತ್ತದೆ. ಕೊನೆಯ ಎರಡು ತಿಂಗಳ ತರಬೇತಿ ಈ ಕೊರತೆಯನ್ನು ತುಂಬಲಾರದು.

ಎರಡನೆಯ ಕಾರಣ ಭಾಷೆ. ಹಳ್ಳಿಯ ಮಕ್ಕಳಲ್ಲಿ ಅನೇಕರು ಕನ್ನಡ ಮಾಧ್ಯಮದಲ್ಲಿ ಓದಿದವರು. ಪಿ.ಯು.ಸಿ. ವಿಜ್ಞಾನದ ಬೋಧನೆ ಹೆಚ್ಚಾಗಿ ಇಂಗ್ಲಿಷಿನಲ್ಲಿ ನಡೆಯುತ್ತದೆ. ವಿಷಯ ಗೊತ್ತಿದ್ದರೂ ಪದ ಗೊತ್ತಾಗದೆ ಮೊದಲ ಆರು ತಿಂಗಳು ಕಂಗಾಲಾಗುವವರು ಬಹಳ. ದ್ಯುತಿಸಂಶ್ಲೇಷಣೆಯನ್ನು ಚೆನ್ನಾಗಿ ವಿವರಿಸಬಲ್ಲ ಹುಡುಗಿ ಫೋಟೋಸಿಂಥೆಸಿಸ್ ಎಂದೊಡನೆ ಬೆಪ್ಪಾಗುತ್ತಾಳೆ. ಇದು ಬುದ್ಧಿಯ ಕೊರತೆಯಲ್ಲ. ಮೊದಲೇ ಸರಿಪಡಿಸಬಹುದಾದ ಅಡಚಣೆ.

ತರಗತಿವಾರು ಅನುಸರಿಸಬೇಕಾದ ಕ್ರಮಗಳು

8ನೆಯ ತರಗತಿ: ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗಾಗಿ ಈ ತರಗತಿಯಲ್ಲಿ ರಾಷ್ಟ್ರೀಯ ವರಮಾನ ಆಧಾರಿತ ಪ್ರತಿಭಾ ವಿದ್ಯಾರ್ಥಿವೇತನ ಪರೀಕ್ಷೆ (ಎನ್.ಎಂ.ಎಂ.ಎಸ್.) ನಡೆಯುತ್ತದೆ. ಬೌದ್ಧಿಕ ಸಾಮರ್ಥ್ಯದ ಪತ್ರಿಕೆಯಲ್ಲಿ 90 ಮತ್ತು ಶಾಲಾ ವಿಷಯಗಳ ಪತ್ರಿಕೆಯಲ್ಲಿ 90 ಪ್ರಶ್ನೆಗಳಿರುತ್ತವೆ. ಆಯ್ಕೆಯಾದವರಿಗೆ 9ರಿಂದ 12ನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂ. ದೊರೆಯುತ್ತದೆ. ವೇತನ ದೊರೆಯದಿದ್ದರೂ ಕಾಲಮಿತಿಯಲ್ಲಿ ಉತ್ತರಿಸುವ ಅಭ್ಯಾಸ ಎಳೆಯ ವಯಸ್ಸಿನಲ್ಲೇ ಆಗುತ್ತದೆ. ಅರ್ಹ ಮಕ್ಕಳೆಲ್ಲರೂ ಬರೆಯುವಂತೆ ಪಾಲಕರು ಮುಖ್ಯೋಪಾಧ್ಯಾಯರನ್ನು ಕಾಣಬೇಕು.

9ನೆಯ ತರಗತಿ: ಇನ್ನೂರು ಪುಟದ ಒಂದು ನೋಟ್ ಪುಸ್ತಕದಲ್ಲಿ ಪ್ರತಿ ಪುಟಕ್ಕೆ ಎರಡು ಕಾಲಂ ಹಾಕಿ, ವಿಜ್ಞಾನ ಮತ್ತು ಗಣಿತದ ಕನ್ನಡ ಪದವನ್ನೂ ಅದರ ಇಂಗ್ಲಿಷ್ ಪದವನ್ನೂ ಎದುರು ಬದುರಾಗಿ ಬರೆಯಬೇಕು. ವೇಗೋತ್ಕರ್ಷ ಮತ್ತು ಆಕ್ಸಿಲರೇಷನ್, ಬಹುಪದೋಕ್ತಿ ಮತ್ತು ಪಾಲಿನೋಮಿಯಲ್ ಹೀಗೆ. ದಿನಕ್ಕೆ ಐದು ಪದ ಬರೆದರೂ 200 ಶಾಲಾ ದಿನಗಳಲ್ಲಿ 1,000 ಪದಗಳಾಗುತ್ತವೆ.

10ನೆಯ ತರಗತಿ: ಎಸ್.ಎಸ್.ಎಲ್.ಸಿ. ಪರೀಕ್ಷೆಯ ಓದಿನ ಜೊತೆಗೇ ಪ್ರತಿ ಪಾಠ ಮುಗಿದ ಮೇಲೆ ವಸ್ತುನಿಷ್ಠ ಪ್ರಶ್ನೆಗಳನ್ನು ಗಡಿಯಾರ ಎದುರಿಗಿಟ್ಟುಕೊಂಡು ಬಿಡಿಸಬೇಕು. ತಪ್ಪಾದ ಪ್ರಶ್ನೆಯನ್ನು ಬೇರೆ ಪುಸ್ತಕದಲ್ಲಿ ಬರೆದು, ಸೂತ್ರ ತಿಳಿಯದೆ ತಪ್ಪಿತೋ, ಲೆಕ್ಕದ ಅವಸರದಲ್ಲಿ ತಪ್ಪಿತೋ, ಪ್ರಶ್ನೆ ಅರ್ಥವಾಗದೆ ತಪ್ಪಿತೋ ಎಂದು ಗುರುತು ಮಾಡಬೇಕು. ರೋಗ ಯಾವುದೆಂದು ಗೊತ್ತಾಗದೆ ಔಷಧಿ ಹೊಡೆದು ಫಲವಿಲ್ಲ.

ಪಿ.ಯು.ಸಿ.ಗೆ ಬಂದ ಮೇಲೆ ಹಿಂದಿನ ವರ್ಷಗಳ ಸಿ.ಇ.ಟಿ. ಪ್ರಶ್ನೆಪತ್ರಿಕೆಗಳನ್ನು ಅಭ್ಯಾಸ ಮಾಡಬೇಕು. ಇವು ಮತ್ತು ಇವುಗಳ ಸರಿಯುತ್ತರಗಳು ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ದೊರೆಯುತ್ತವೆ.

ಕೃಷಿಕರ ಮಕ್ಕಳ ಪಾಲು

ರಾಜ್ಯದ ಕೃಷಿ ವಿಶ್ವವಿದ್ಯಾನಿಲಯಗಳ ಪದವಿ ಸೀಟುಗಳಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಪಾಲಿದೆ. ಮೊದಲು ಶೇ. 40 ಇದ್ದ ಈ ಪಾಲನ್ನು 2021ರಲ್ಲಿ ಶೇ. 50ಕ್ಕೆ ಏರಿಸುವ ನಿರ್ಧಾರವಾಯಿತು. ಇದಕ್ಕಾಗಿ ಪ್ರಾಯೋಗಿಕ ಪರೀಕ್ಷೆಯೊಂದನ್ನು ನಡೆಸಲಾಗುತ್ತದೆ. ಈ ಪಾಲಿನ ರ‍್ಯಾಂಕಿನಲ್ಲಿ ಅರ್ಧದಷ್ಟು ತೂಕ ಪ್ರಾಯೋಗಿಕ ಪರೀಕ್ಷೆಗೆ ಇದ್ದು, ಉಳಿದರ್ಧದಲ್ಲಿ ಪಿ.ಯು.ಸಿ. ಮತ್ತು ಸಿ.ಇ.ಟಿ. ಅಂಕಗಳು ಸೇರುತ್ತವೆ.

ಬೀಜ, ಬೆಳೆ, ಕಳೆ, ಗೊಬ್ಬರ, ಕೀಟ, ರೋಗ, ಉಪಕರಣಗಳ ಪರಿಚಯವನ್ನು ಈ ಪರೀಕ್ಷೆಯಲ್ಲಿ ಅಳೆಯುತ್ತಾರೆ. ಇವೆಲ್ಲ ರೈತನ ಮನೆಯಂಗಳದಲ್ಲೇ ಇರುವ ವಸ್ತುಗಳು. ಆದರೆ ದಿನವೂ ಕಂಡದ್ದನ್ನೆಲ್ಲ ಬಲ್ಲೆವೆಂದು ತಿಳಿಯುವುದು ತಪ್ಪು. ರಾಗಿ ಬೆಳೆಯುವ ಊರಿನ ಹುಡುಗ ಕುಸುಬೆ ಬೀಜವನ್ನು ಕಂಡಿರಲಿಕ್ಕಿಲ್ಲ. ಜೋಳದ ಸೀಮೆಯ ಹುಡುಗಿ ಏಲಕ್ಕಿ ಗಿಡವನ್ನು ನೋಡಿರಲಿಕ್ಕಿಲ್ಲ. ನೋಡಿದ್ದರೂ ಊರಿನ ಹೆಸರೊಂದೇ ಸಾಲದು. ಆದುದರಿಂದ ಪ್ರೌಢಶಾಲೆಯ ಮೂರು ವರ್ಷಗಳಲ್ಲಿ ಈ ಕೆಳಗಿನ ಕೆಲಸಗಳನ್ನು ಮಾಡಬಹುದು.

1. ಖಾಲಿ ಮಾತ್ರೆ ಬಾಟಲಿಗಳಲ್ಲಿ ಬೇರೆ ಬೇರೆ ಬೀಜಗಳನ್ನು ಸಂಗ್ರಹಿಸಿ ಚೀಟಿ ಅಂಟಿಸಬೇಕು. ಚೀಟಿಯಲ್ಲಿ ಕನ್ನಡ ಹೆಸರು, ಇಂಗ್ಲಿಷ್ ಹೆಸರು ಮತ್ತು ವೈಜ್ಞಾನಿಕ ಹೆಸರು ಇರಲಿ. ಭತ್ತಕ್ಕೆ ಒರೈಜಾ ಸಟೈವಾ, ತೊಗರಿಗೆ ಕಜಾನಸ್ ಕಜಾನ್, ಜೋಳಕ್ಕೆ ಸೋರ್ಗಮ್ ಬೈಕಲರ್.

2. ಹೂ ಬಿಡುವ ಕಾಲದಲ್ಲಿ ಪಾರ್ಥೇನಿಯಂ, ಜೇಕು, ಗರಿಕೆ ಮುಂತಾದ ಕಳೆಗಳನ್ನು ಬೇರುಸಹಿತ ಕಿತ್ತು, ಹಳೆಯ ಪತ್ರಿಕೆಗಳ ನಡುವೆ ಒತ್ತಿ ಒಣಗಿಸಿ ಇಡಬೇಕು. ಪಾರ್ಥೇನಿಯಂನಿಂದ ತುರಿಕೆ ಬರುವುದರಿಂದ ಬರಿಗೈಯಲ್ಲಿ ಮುಟ್ಟಬಾರದು.

3. ಗೊಬ್ಬರದ ಚೀಲದ ಮೇಲಿನ ಅಂಕಿಗಳನ್ನು ಓದಿ ಅರ್ಥ ಮಾಡಿಕೊಳ್ಳಬೇಕು. ಡಿ.ಎ.ಪಿ. ಚೀಲದ 18 ಮತ್ತು 46 ಕ್ರಮವಾಗಿ ಸಾರಜನಕ ಮತ್ತು ರಂಜಕದ ಶೇಕಡಾ ಪ್ರಮಾಣ.

4. ಬೆಳೆಗೆ ಹುಳು ಬಿದ್ದಾಗ ಅದು ಎಲೆ ತಿನ್ನುವುದೋ, ಕಾಂಡ ಕೊರೆಯುವುದೋ, ರಸ ಹೀರುವುದೋ ಎಂದು ನೋಡಿ ಬರೆದಿಡಬೇಕು. 2018ರಲ್ಲಿ ಕರ್ನಾಟಕದ ಮುಸುಕಿನ ಜೋಳದಲ್ಲಿ ಮೊದಲು ಕಾಣಿಸಿಕೊಂಡು ದೇಶಕ್ಕೆಲ್ಲ ಹರಡಿದ ಫಾಲ್ ಸೈನಿಕ ಹುಳುವನ್ನು ಸುಳಿಯಲ್ಲಿ ಕಂಡ ಮಗು ಅದನ್ನು ಚಿತ್ರದಲ್ಲಿ ನೋಡಿದವರಿಗಿಂತ ಚೆನ್ನಾಗಿ ನೆನಪಿಡುತ್ತದೆ.

ಹೊಲದ ಅನುಭವ ಮತ್ತು ಶಾಲೆಯ ಪಾಠ ಬೇರೆ ಬೇರೆಯಲ್ಲ. ಯೂರಿಯಾದ ಅಣುತೂಕ 60; ಅದರಲ್ಲಿ ಎರಡು ಸಾರಜನಕ ಪರಮಾಣುಗಳ ತೂಕ 28. 28ನ್ನು 60ರಿಂದ ಭಾಗಿಸಿದರೆ ಸುಮಾರು ಶೇ. 46.7 ಬರುತ್ತದೆ. ಚೀಲದ ಮೇಲೆ ಶೇ. 46 ಎಂದು ಏಕೆ ಅಚ್ಚಾಗಿದೆಯೆಂಬುದು ಇದರಿಂದ ತಿಳಿಯುತ್ತದೆ. 45 ಕಿ.ಗ್ರಾಂ. ಚೀಲವೊಂದರಲ್ಲಿ 20.7 ಕಿ.ಗ್ರಾಂ. ಸಾರಜನಕವಿದೆ. ಹೀಗೆ ಲೆಕ್ಕ ಹಾಕಿದ ವಿದ್ಯಾರ್ಥಿಗೆ ರಸಾಯನಶಾಸ್ತ್ರದ ಪ್ರಶ್ನೆಯೂ ಪ್ರಾಯೋಗಿಕ ಪರೀಕ್ಷೆಯ ಪ್ರಶ್ನೆಯೂ ಸುಲಭವಾಗುತ್ತವೆ; ತಂದೆಗೆ ಗೊಬ್ಬರದ ಪ್ರಮಾಣವನ್ನೂ ಹೇಳಬಲ್ಲ.

ವಿಷಯಗಳ ಆಯ್ಕೆ ಮತ್ತು ದಾಖಲೆಗಳು

ಎಸ್.ಎಸ್.ಎಲ್.ಸಿ. ನಂತರ ಪಿ.ಯು.ಸಿ.ಗೆ ಸೇರುವಾಗ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮತ್ತು ಜೀವಶಾಸ್ತ್ರ ಒಟ್ಟಿಗಿರುವ ಗುಂಪನ್ನು ಆರಿಸಬೇಕು. ಗಣಿತ ಕಷ್ಟವೆಂದೋ ಜೀವಶಾಸ್ತ್ರ ಬೇಡವೆಂದೋ ಬಿಟ್ಟವರಿಗೆ ಎರಡು ವರ್ಷದ ನಂತರ ಕೃಷಿ ಪದವಿಯ ಬಾಗಿಲು ಮುಚ್ಚಿರುತ್ತದೆ. ಆಗ ಪಶ್ಚಾತ್ತಾಪಪಟ್ಟು ಪ್ರಯೋಜನವಿಲ್ಲ.

ಬುದ್ಧಿವಂತ ಮಕ್ಕಳೂ ಕಾಗದಪತ್ರದ ಕೊರತೆಯಿಂದ ಸೀಟು ಕಳೆದುಕೊಳ್ಳುವುದುಂಟು. 1ರಿಂದ 10ನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 15 ಮತ್ತು ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ಇವುಗಳ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಬೇಕು. ಎರಡು ಮೂರು ಶಾಲೆಗಳಲ್ಲಿ ಓದಿದ್ದರೆ ಪ್ರತಿ ಶಾಲೆಯಿಂದಲೂ ಪಡೆಯಬೇಕು. ಕೃಷಿಕರ ಪಾಲಿಗೆ ತಹಶೀಲ್ದಾರರಿಂದ ಕೃಷಿಕ ಪ್ರಮಾಣಪತ್ರ ಪಡೆಯಬೇಕು. ಪಹಣಿಯಲ್ಲಿ ಅಜ್ಜನ ಹೆಸರೇ ಉಳಿದಿದ್ದರೆ ಅದನ್ನು ಮೊದಲೇ ಸರಿಪಡಿಸಿಕೊಳ್ಳುವುದು ಒಳಿತು. ಅರ್ಜಿ ತುಂಬುವಾಗ ಈ ಎಲ್ಲ ಕಾಲಂಗಳನ್ನು ತಪ್ಪದೆ ಭರ್ತಿ ಮಾಡಬೇಕು. ನಿಯಮಗಳು ಆಗಾಗ ಬದಲಾಗುವುದರಿಂದ ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನು ಪೂರ್ತಿಯಾಗಿ ಓದತಕ್ಕದ್ದು.

ಪಾಲಕರ ಹೊಣೆ

ಮಕ್ಕಳು ಹೊಲದ ಕೆಲಸ ಕಲಿಯುವುದು ಒಳ್ಳೆಯದೇ. ಆದರೆ ಸುಗ್ಗಿಯಲ್ಲಿ ವಾರಗಟ್ಟಲೆ ಶಾಲೆ ಬಿಡಿಸಿದರೆ ತಪ್ಪಿದ ಗಣಿತದ ಪಾಠ ತಾನಾಗಿ ಬರುವುದಿಲ್ಲ. ಮುಖ್ಯವಾಗಿ ಹೆಣ್ಣುಮಕ್ಕಳಿಗೆ ಸಂಜೆಯ ಹೊತ್ತು ನೀರು, ಅಡುಗೆ, ದನಕರುಗಳ ಕೆಲಸ ಬೀಳುತ್ತದೆ. ಅಣ್ಣನಿಗೆ ದೊರೆಯುವ ಎರಡು ಗಂಟೆಯ ಓದು ತಂಗಿಗೂ ದೊರೆಯುವಂತೆ ಮನೆಯ ಕೆಲಸವನ್ನು ಹಂಚಬೇಕು. ಪರೀಕ್ಷೆಯ ದಿನಗಳಲ್ಲಿ ರಾತ್ರಿ ನಿದ್ದೆ ಕೆಡಿಸಿ ಓದಿಸುವುದರಿಂದ ಹಾನಿಯೇ ಹೆಚ್ಚು.

ತರಬೇತಿಗೆ ಹಣ ಕಟ್ಟುವ ಮೊದಲು ಕಾಲೇಜಿನ ಉಪನ್ಯಾಸಕರ ಸಲಹೆ ಪಡೆಯಬೇಕು. ಪಠ್ಯಪುಸ್ತಕವನ್ನೇ ಓದದ ವಿದ್ಯಾರ್ಥಿಗೆ ತರಬೇತಿ ನಾಟುವುದಿಲ್ಲ. ಈ ಖರ್ಚಿಗಾಗಿ ಭೂಮಿ ಅಡವಿಡುವುದಂತೂ ಸಲ್ಲದು.

ಸೀಟು ದೊರೆಯದಿದ್ದರೆ ಬದುಕು ಮುಗಿಯಿತೆಂದು ಮಗುವಿಗೆ ಅನ್ನಿಸಬಾರದು. ರಾಷ್ಟ್ರಮಟ್ಟದ ಶೇ. 20 ಕೃಷಿ ಸೀಟುಗಳಿಗೆ 2023ರಿಂದ ಸಿ.ಯು.ಇ.ಟಿ. ಪರೀಕ್ಷೆಯ ಮೂಲಕ ಪ್ರವೇಶ ನಡೆಯುತ್ತಿದೆ. ಎಸ್.ಎಸ್.ಎಲ್.ಸಿ. ಆದವರಿಗೆ ಕೃಷಿ ವಿಶ್ವವಿದ್ಯಾನಿಲಯಗಳು ಕನ್ನಡ ಮಾಧ್ಯಮದ ಎರಡು ವರ್ಷಗಳ ಕೃಷಿ ಡಿಪ್ಲೊಮಾ ನಡೆಸುತ್ತವೆ. ಒಂದು ಬೆಳೆ ಕೈಕೊಟ್ಟರೆ ರೈತ ಹೊಲ ಬಿಡುವುದಿಲ್ಲ. ಮಕ್ಕಳಿಗೂ ಅದೇ ಧೈರ್ಯ ಹೇಳಬೇಕು.

ವಿಸ್ತರಣಾ ಕಾರ್ಯಕರ್ತರು ಗ್ರಾಮ ಸಭೆ ಮತ್ತು ಕ್ಷೇತ್ರೋತ್ಸವಗಳಲ್ಲಿ ಹತ್ತು ನಿಮಿಷವನ್ನು ಈ ವಿಷಯಕ್ಕೆ ಮೀಸಲಿಡಬಹುದು. ಹತ್ತಿರದ ಪ್ರೌಢಶಾಲೆಯ ಮಕ್ಕಳಿಗೆ ಕೃಷಿ ವಿಜ್ಞಾನ ಕೇಂದ್ರದ ತಾಕುಗಳನ್ನೂ ರೈತ ಸಂಪರ್ಕ ಕೇಂದ್ರದ ಬೀಜ, ಗೊಬ್ಬರಗಳ ಮಾದರಿಗಳನ್ನೂ ವರ್ಷಕ್ಕೊಮ್ಮೆ ತೋರಿಸಿದರೆ, ಊರಿನಲ್ಲಿ ಕಾಣಸಿಗದ ಬೆಳೆಗಳ ಪರಿಚಯವಾಗುತ್ತದೆ. ಬರುವ ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಎರಡು ಕಾಲಂನ ನೋಟ್ ಪುಸ್ತಕ ಮತ್ತು ಹತ್ತು ಬೀಜದ ಬಾಟಲಿಗಳಿಂದ ಕೆಲಸ ಪ್ರಾರಂಭಿಸಿದರೆ ಸಾಕು.