ಯಜಮಾನರಿಗೆ ಹಳೇ ಸ್ಪೋರ್ಟ್ಸ್ ಕಾರಿನ ಆಸೆಯೇ?

"ನೋಡೇ ಇಲ್ಲಿ, ಕೆಂಪು ಬಣ್ಣ, ಎರಡೇ ಬಾಗಿಲು. ಬರೀ ಎರಡೂವರೆ ಲಕ್ಷ ಅಂತೆ!" ಅಡಿಕೆ ದುಡ್ಡು ಕೈಗೆ ಬಂದ ವಾರ ಯಜಮಾನರು ಹೀಗೆ ಮೊಬೈಲ್ ಹಿಡ್ಕೊಂಡು ಅಡುಗೆಮನೆಗೆ ಬಂದ್ರೆ ಏನು ಹೇಳ್ತೀರಾ? "ನಿಮಗೆ ಬೇರೆ ಕೆಲಸ ಇಲ್ವಾ?" ಅಂತ ಗದರಿಬಿಡೋದು ಸುಲಭ. ಆದರೆ ಕಾಲೇಜಿನ ದಿನಗಳಿಂದ ಎದೆಯಲ್ಲಿ ಇಟ್ಟುಕೊಂಡ ಆಸೆ ಅದು. ಗದರಿದ್ರೆ ಹೋಗೋದಿಲ್ಲ, ನಿಮಗೆ ಹೇಳದೆ ಅಡ್ವಾನ್ಸ್ ಕೊಟ್ಟು ಬರ್ತಾರೆ ಅಷ್ಟೇ! ಅದರ ಬದಲು ಪಕ್ಕದಲ್ಲಿ ಕೂತು ಲೆಕ್ಕ ಕೇಳಿ. ಹಳೇ ಕಾರಿಗೆ ಕೊಡುವ ಬೆಲೆ ಮೊದಲ ಕಂತು ಮಾತ್ರ. ಉಳಿದ ಕಂತುಗಳು ಮಗಳ ಫೀಸಿನಿಂದಲೋ ನಿಮ್ಮ ಚೀಟಿ ಹಣದಿಂದಲೋ ಹೋಗಬಾರದಲ್ವಾ?

ಯಾವ ಕಾರು ಅಂತ ಮೊದಲು ಕೇಳಿ

ನಮ್ಮ ದೇಶದಲ್ಲಿ ಸ್ಪೋರ್ಟ್ಸ್ ಕಾರು ಎಂದೇ ತಯಾರಾದವು ಬಹಳ ಕಡಿಮೆ. 1990ರ ದಶಕದ ಕೊನೆಗೆ ಬಂದ ಸ್ಯಾನ್ ಸ್ಟಾರ್ಮ್ ಅಂಥದ್ದೊಂದು. ಎರಡೇ ಸೀಟು, ಫೈಬರ್ ಮೈ. ಅದು ಬಿಟ್ಟರೆ ಹುಡುಗರು ಮೆಚ್ಚುವುದು ಓಟಕ್ಕೆ ಹೆಸರಾದ ಫಿಯೆಟ್ ಪಾಲಿಯೊ 1.6, ಫೋರ್ಡ್ ಐಕಾನ್ 1.6, ಮಿತ್ಸುಬಿಷಿ ಲ್ಯಾನ್ಸರ್‌ನಂಥ ಕಾರುಗಳನ್ನು. ಇವೆಲ್ಲ ತಯಾರಿಕೆ ನಿಂತ ಗಾಡಿಗಳು. ಫೋರ್ಡ್ ಕಂಪೆನಿಯಂತೂ 2021ರಲ್ಲಿ ಭಾರತದಲ್ಲಿ ಕಾರು ತಯಾರಿಸುವುದನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಹಾಗಾಗಿ ಬೆಲೆ ಮಾತಾಡುವ ಮುಂಚೆ ಹೆಡ್‌ಲೈಟ್, ಮುಂದಿನ ಗಾಜು, ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್ ಈ ನಾಲ್ಕು ಎಲ್ಲಿ ಸಿಗುತ್ತೆ, ಎಷ್ಟಾಗುತ್ತೆ ಅಂತ ವಿಚಾರಿಸಲಿ. ಉತ್ತರ ಸಿಗದಿದ್ದರೆ ಆ ಕಾರು ಚಿತ್ರದಲ್ಲಿದ್ದರೇ ಚೆಂದ.

ಬಾನೆಟ್ ಮುಟ್ಟಿ ನೋಡಿ

ಕಾರು ನೋಡಲು ನೀವೂ ಹೋಗಿ. ತರಕಾರಿ ಆರಿಸುವ ಕಣ್ಣು ಇಲ್ಲೂ ಕೆಲಸಕ್ಕೆ ಬರುತ್ತೆ. "ನಾವು ಬರೋವರೆಗೂ ಸ್ಟಾರ್ಟ್ ಮಾಡಬೇಡಿ" ಎಂದು ಮೊದಲೇ ಹೇಳಿಸಿ. ಹೋದ ಕೂಡಲೇ ಬಾನೆಟ್ ಮುಟ್ಟಿ. ಬೆಚ್ಚಗಿದ್ದರೆ ಅನುಮಾನ ಪಡಿ. ತಣ್ಣಗಿದ್ದಾಗ ಎಂಜಿನ್ ಹೇಗೆ ಸ್ಟಾರ್ಟ್ ಆಗುತ್ತೆ ಅನ್ನುವುದರಲ್ಲೇ ಅದರ ಆರೋಗ್ಯ ಗೊತ್ತಾಗೋದು.

* ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ನಿಲ್ಲದೇ ಬಂದರೆ ರೇಡಿಯೇಟರ್ ನೀರು ಒಳಗೆ ಸೇರುತ್ತಿರಬಹುದು. ಕಪ್ಪು ಹೊಗೆ ಎಂದರೆ ಪೆಟ್ರೋಲ್ ಹೆಚ್ಚು ಕುಡಿಯುತ್ತಿದೆ.

* ಆಯಿಲ್ ಹಾಕುವ ಮುಚ್ಚಳದ ಒಳಗೆ ಹಾಲು ಬೆರೆಸಿದ ಕಾಫಿಯಂಥ ಜಿಡ್ಡು ಕಂಡರೆ ಮೆಕ್ಯಾನಿಕ್‌ನನ್ನು ಕೇಳದೆ ಮುಂದುವರಿಯಬೇಡಿ.

* ಫ್ರಿಜ್ ಮೇಲಿನ ಮ್ಯಾಗ್ನೆಟನ್ನು ತೆಳು ಬಟ್ಟೆಯಲ್ಲಿ ಸುತ್ತಿ ಬಾಗಿಲಿನ ಕೆಳಭಾಗಕ್ಕೆ ಹಿಡಿಯಿರಿ. ಅಂಟದಿದ್ದರೆ ಅಲ್ಲಿ ತುಕ್ಕಿನ ಮೇಲೆ ಪುಟ್ಟಿ ಮೆತ್ತಿರುವ ಸಾಧ್ಯತೆ ಹೆಚ್ಚು. (ಫೈಬರ್ ಮೈಗೆ ಈ ಪರೀಕ್ಷೆ ನಡೆಯಲ್ಲ.)

* ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಸಂಖ್ಯೆ ಇರುತ್ತೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. ಆರು ವರ್ಷ ದಾಟಿದ್ದರೆ ಗೀರು ಎಷ್ಟೇ ಚೆನ್ನಾಗಿದ್ದರೂ ಹೊಸ ಟೈರಿನ ಖರ್ಚು ಲೆಕ್ಕಕ್ಕೆ ಸೇರಿಸಿ.

ಕಾರು ಯಾವ ಊರಲ್ಲಿ ನಿಂತಿತ್ತು ಅನ್ನೋದೂ ಮುಖ್ಯ. ಚನ್ನಗಿರಿಯ ಅಡಿಕೆ ತೋಟದ ಅಂಚಿನಲ್ಲೋ, ಹೊನ್ನಾಳಿಯ ಹೊಳೆ ದಂಡೆಯಲ್ಲೋ, ನ್ಯಾಮತಿ ಕಡೆಯ ಮಳೆಯಲ್ಲೋ ನಿಂತ ಕಾರಾದರೆ ಕಾಲಡಿಯ ಮ್ಯಾಟ್ ಎತ್ತಿ ಮೂಸಿ. ಮುಗ್ಗಲು ವಾಸನೆ ಬಂದರೆ ಕೆಳಗಿನ ತಗಡು ತುಕ್ಕು ಹಿಡಿದಿರಬಹುದು. ಜಗಳೂರಿನ ಬಿಸಿಲು, ಧೂಳಿನಲ್ಲಿ ನಿಂತದ್ದಾದರೆ ತುಕ್ಕು ಕಡಿಮೆ, ಆದರೆ ಬಾಗಿಲ ಸುತ್ತಲಿನ ರಬ್ಬರು, ಪೈಪುಗಳು ಒಣಗಿ ಬಿರುಕು ಬಿಟ್ಟಿರುತ್ತವೆ.

ಕಾಗದ ಸರಿಯಿಲ್ಲದಿದ್ದರೆ ಕಾರೇ ಬೇಡ

ಚನ್ನಗಿರಿ, ಹೊನ್ನಾಳಿ 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ನ್ಯಾಮತಿ ಆಗ ಹೊನ್ನಾಳಿ ತಾಲ್ಲೂಕಿನಲ್ಲೇ ಇತ್ತು. ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಹೀಗಾಗಿ ನಮ್ಮ ಕಡೆಯ ಹಳೇ ಗಾಡಿಗೆ ದಾವಣಗೆರೆಯ ಕೆಎ-17 ಬದಲು ಕೆಎ-14 ಅಥವಾ ಕೆಎ-16 ಇದ್ದರೆ ಗಾಬರಿ ಬೇಡ. ಆದರೆ ಆ ದಾಖಲೆ ಯಾವ ಕಚೇರಿಯಲ್ಲಿದೆ ಅಂತ ತಿಳಿದುಕೊಳ್ಳಿ. ಆರ್‌ಸಿಯ ಎಂಜಿನ್ ನಂಬರ್, ಚಾಸಿ ನಂಬರ್ ಗಾಡಿಯ ಮೇಲಿನದಕ್ಕೆ ತಾಳೆಯಾಗಬೇಕು. ಸಾಲ ತೀರಿದೆಯೇ, ವಿಮೆ ಇದೆಯೇ, ದಂಡ ಬಾಕಿ ಇದೆಯೇ ಎಂದು ಪರಿವಾಹನ್ ಜಾಲತಾಣದಲ್ಲಿ ನೋಡಬಹುದು.

15 ವರ್ಷ ದಾಟಿದ ಕಾರಿಗೆ ತಪಾಸಣೆ ಮಾಡಿಸಿ ನೋಂದಣಿ ನವೀಕರಿಸಬೇಕು. ಆಮೇಲೆ ಐದೈದು ವರ್ಷಕ್ಕೊಮ್ಮೆ ಇದೇ ಕೆಲಸ. 2022ರಲ್ಲಿ ಈ ಶುಲ್ಕ 5,000 ರೂಪಾಯಿ ಆಯಿತು. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 20 ವರ್ಷ ಮೀರಿದ ಕಾರುಗಳಿಗೆ ಅದನ್ನು 10,000ಕ್ಕೆ ಏರಿಸಿತು. ಜೊತೆಗೆ ಹಸಿರು ತೆರಿಗೆ ಬೇರೆ. "ದೆಹಲಿ ಗಾಡಿ, ಬಹಳ ಅಗ್ಗ" ಅಂತ ಯಾರಾದರೂ ಅಂದರೆ ಎಚ್ಚರ. ಅಲ್ಲಿಂದ ನಿರಾಕ್ಷೇಪಣಾ ಪತ್ರ ತಂದು ಇಲ್ಲಿ ಜೀವಿತಾವಧಿ ತೆರಿಗೆ ಕಟ್ಟಿದಾಗ ಆ ಅಗ್ಗ ಎಲ್ಲಿ ಉಳಿಯುತ್ತೆ?

ಇನ್ನೊಂದು ಮಾತು. ಫಾರಂ 29, 30ಕ್ಕೆ ಇಬ್ಬರ ಸಹಿಯೂ ಆಗಿ ಆರ್‌ಸಿ ನಿಮ್ಮ ಮನೆಯವರ ಹೆಸರಿಗೆ ಬರಬೇಕು. ಕೊಂಡವರು 30 ದಿನದೊಳಗೆ ಅರ್ಜಿ ಹಾಕಬೇಕೆಂದು ಕಾನೂನಿದೆ. "ಆಮೇಲೆ ಮಾಡಿಸಿದ್ರಾಯ್ತು" ಅಂತ ಬಿಟ್ಟರೆ ಅಪಘಾತವಾದಾಗ ವಿಮೆ ಹಣಕ್ಕೆ ಅಲೆಯುವುದು ಮನೆಯವರೇ. ಪೂರ್ತಿ ಹಣ ಕೊಡುವ ಮುಂಚೆಯೇ ಸಹಿ ಹಾಕಿಸಿಕೊಳ್ಳಿ.

ಮನೆಗೆ ಬಂದ ಮೇಲೆ

ಕೊಂಡ ತಿಂಗಳೇ ಎಂಜಿನ್ ಆಯಿಲ್, ಫಿಲ್ಟರ್‌ಗಳು, ಕೂಲೆಂಟ್, ಬ್ರೇಕ್ ಆಯಿಲ್ ಬದಲಿಸಲಿ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಅದನ್ನೂ ಬದಲಿಸಿಬಿಡಿ. ಓಡುವಾಗ ಬೆಲ್ಟ್ ತುಂಡಾದರೆ ಅನೇಕ ಎಂಜಿನ್‌ಗಳಲ್ಲಿ ವಾಲ್ವ್‌ಗಳೇ ಬಾಗಿಹೋಗುತ್ತವೆ. ಬೆಲ್ಟಿನ ಖರ್ಚು ಸಾವಿರಗಳಲ್ಲಾದರೆ ಎಂಜಿನ್ನಿನ ಖರ್ಚು ಅದರ ಎಷ್ಟೋ ಪಟ್ಟು. ಈಗಿನ ಪೆಟ್ರೋಲ್‌ನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತೆ. ಹಳೇ ಕಾರುಗಳ ರಬ್ಬರ್ ಪೈಪುಗಳು ಅದಕ್ಕೆಂದು ಮಾಡಿದವಲ್ಲ. ವರ್ಷಕ್ಕೊಮ್ಮೆ ಪರೀಕ್ಷಿಸಿ. ಪೆಟ್ರೋಲ್ ವಾಸನೆ ಬಂದರೆ ಗಾಡಿ ತೆಗೆಯಲೇಬೇಡಿ.

ವಾರಕ್ಕೊಮ್ಮೆ ಹದಿನೈದಿಪ್ಪತ್ತು ಕಿಲೋಮೀಟರ್ ಓಡಿಸಬೇಕು. ಸುಮ್ಮನೆ ನಿಂತ ಕಾರಿನ ಬ್ಯಾಟರಿ ಇಳಿಯುತ್ತೆ, ಇಲಿ ವೈರು ಕಡಿಯುತ್ತೆ. ಅಡಿಕೆ, ಭತ್ತದ ಚೀಲಗಳ ಪಕ್ಕ ನಿಲ್ಲಿಸಲೇಬೇಡಿ. ನೆಲಕ್ಕೆ ತಗ್ಗಿದ ಗಾಡಿಯಾದರೆ ನಮ್ಮ ಊರುಗಳ ರೋಡ್ ಹಂಪ್ ನೆನಪಿರಲಿ.

ಕೊನೆಗೆ ಒಂದು ಒಪ್ಪಂದ

ಕಾರಿನ ಬೆಲೆಯ ಮೂರನೇ ಒಂದು ಭಾಗವನ್ನು ಮೊದಲ ವರ್ಷದ ರಿಪೇರಿಗೆಂದು ಬೇರೆ ಎತ್ತಿಡಿ. ಎರಡೂವರೆ ಲಕ್ಷದ ಕಾರೆಂದರೆ ಕೈಯಲ್ಲಿ ಸುಮಾರು ಮೂರೂಕಾಲು ಲಕ್ಷ ಇರಬೇಕು. ಅಷ್ಟಿಲ್ಲವೇ? ಇನ್ನೊಂದು ಕೊಯ್ಲಿನವರೆಗೆ ಕಾಯೋಣ ಅನ್ನಿ. ಒಡವೆ ಅಡ ಇಡೋ ಮಾತಂತೂ ಬೇಡವೇ ಬೇಡ.

ಲೆಕ್ಕ ಸರಿಹೋಯಿತೇ? ಹಾಗಾದರೆ ಮನಸಾರೆ ಹೂಂ ಅನ್ನಿ. ಮೊದಲ ಭಾನುವಾರ ಸೂಳೆಕೆರೆ ಏರಿ ಕಡೆ ಹೊರಡುವಾಗ ಹೋಗ್ತಾ ಅವರು ಓಡಿಸಲಿ. ಬರ್ತಾ ಸ್ಟೀರಿಂಗ್ ನಿಮ್ಮ ಕೈಯಲ್ಲಿರಲಿ. ಲೆಕ್ಕ ಹಾಕಿದವರು ನೀವೇ ತಾನೇ!