ಗಾಜಿನ ಮೇಲಣ ಚಿನ್ನದ ಪೊರೆ ಮತ್ತು ಅತಿಹ್ರಸ್ವ ಲೇಸರ್ ಸ್ಪಂದ

ಕಾದ ಲೋಹದ ಉಷ್ಣತೆಯು ಇಂತಿಷ್ಟೆಂದು ಒಂದೇ ಸಂಖ್ಯೆಯಿಂದ ಹೇಳುವುದು ನಮಗೆ ರೂಢಿಯಾಗಿದೆ. ಗಾಜಿನ ಫಲಕದ ಮೇಲಿರುವ ಚಿನ್ನದ ತೆಳುಪೊರೆಗೆ ನೂರು ಫೆಮ್ಟೋಸೆಕೆಂಡುಗಳ, ಎಂದರೆ ಸೆಕೆಂಡಿನ ಹತ್ತು ಲಕ್ಷ ಕೋಟಿಯ ಒಂದು ಭಾಗದಷ್ಟು ಕಾಲದ, ಲೇಸರ್ ಸ್ಪಂದವು ತಗುಲಿದಾಗ ಈ ರೂಢಿ ಸಲ್ಲದು. ಆಗ ಒಂದೇ ಪೊರೆಗೆ ಎರಡು ಉಷ್ಣತೆಗಳಿರುತ್ತವೆ.

ಬೆಳಕನ್ನು ಹೀರುವವು ಲೋಹದ ಎಲೆಕ್ಟ್ರಾನುಗಳು. ಅವು ಆ ಶಕ್ತಿಯನ್ನು ತಮ್ಮತಮ್ಮಲ್ಲಿ ಬೇಗನೆ ಹಂಚಿಕೊಳ್ಳುತ್ತವೆ. ಭಾರವಾದ ಪರಮಾಣುಗಳ ಜಾಲಕ್ಕೆ ಅದನ್ನು ದಾಟಿಸಲು ಮಾತ್ರ ಕೆಲವು ಪಿಕೋಸೆಕೆಂಡುಗಳು ಬೇಕು. ಲೇಸರಿಗೆ ಗುರಿಯಾದ ಲೋಹದಲ್ಲಿನ ಈ ದ್ವಿವಿಧ ಉಷ್ಣತೆಯನ್ನು ಸೋವಿಯತ್ ವಿಜ್ಞಾನಿಗಳಾದ ಅನಿಸಿಮೋವ್, ಕಪೆಲಿಯೊವಿಚ್, ಪೆರೆಲ್‌ಮನ್ ಎಂಬುವರು 1974ರಲ್ಲಿ ಸಮೀಕರಣಗಳಿಂದ ನಿರೂಪಿಸಿದರು.

ಒಂದು ಸ್ಥೂಲ ಲೆಕ್ಕವನ್ನು ನೋಡೋಣ. 100 ನ್ಯಾನೋಮೀಟರು ದಪ್ಪದ ಪೊರೆಯು ಚದರ ಮೀಟರಿಗೆ 30 ಜೂಲಿನಷ್ಟು ಶಕ್ತಿಯನ್ನು ಹೀರಿತೆನ್ನಿ. ಬೆಳಕು ಚಿನ್ನದೊಳಕ್ಕೆ ಹತ್ತು ಹದಿನೈದು ನ್ಯಾನೋಮೀಟರು ಮಾತ್ರ ಇಳಿಯುತ್ತದೆ. ಆದರೆ ವೇಗದ ಎಲೆಕ್ಟ್ರಾನುಗಳು ಪೊರೆಯ ತಳದವರೆಗೂ ಹರಿಯುವುದರಿಂದ ಶಕ್ತಿಯು ಸಮನಾಗಿ ಹರಡಿತೆಂದು ಭಾವಿಸಬಹುದು. ಎಲೆಕ್ಟ್ರಾನುಗಳ ಉಷ್ಣಧಾರಣಶಕ್ತಿ ಅತ್ಯಲ್ಪ. ಅವು ಸುಮಾರು 3000 ಕೆಲ್ವಿನ್‌ಗೆ ಏರುತ್ತವೆ. ಅದೇ ಶಕ್ತಿಯು ಜಾಲಕ್ಕೆ ಸೇರಿದ ಮೇಲೆ ಪೊರೆಯ ಉಷ್ಣತೆ ಏರುವುದು ಕೇವಲ 120 ಡಿಗ್ರಿ! ಚಿನ್ನವು ಕರಗುವ 1337 ಕೆಲ್ವಿನ್‌ನ ಹತ್ತಿರಕ್ಕೂ ಅದು ಬಾರದು.

ಹಾಗಾದರೆ ತಳದ ಗಾಜಿನ ಪಾತ್ರವೇನು? ಗಾಜಿಗೆ ಉಷ್ಣವು ಇಳಿಯುವುದು ನಿಧಾನ. ಮೊದಲ ಕೆಲವು ಪಿಕೋಸೆಕೆಂಡುಗಳಲ್ಲಿ ಅದನ್ನು ಅಲಕ್ಷಿಸಬಹುದು. ನಿಜವಾದ ತೊಡಕಿರುವುದು ನಾವು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯದ ಪದರದಲ್ಲಿ. ಚಿನ್ನವು ಗಾಜಿಗೆ ಚೆನ್ನಾಗಿ ಅಂಟದು. ಆದುದರಿಂದ ನಡುವೆ ಕೆಲವು ನ್ಯಾನೋಮೀಟರು ಕ್ರೋಮಿಯಮ್ಮನ್ನು ಲೇಪಿಸುವುದುಂಟು. ಕ್ರೋಮಿಯಮ್ಮಿನಲ್ಲಿ ಎಲೆಕ್ಟ್ರಾನುಗಳಿಂದ ಜಾಲಕ್ಕೆ ಶಕ್ತಿಯು ದಾಟುವ ದರ ಚಿನ್ನದ್ದಕ್ಕಿಂತ ಹತ್ತು ಮಡಿಗೂ ಮಿಗಿಲು. ಮೇಲೆ ಬಿದ್ದ ಶಕ್ತಿಯನ್ನು ಚಿನ್ನದ ಎಲೆಕ್ಟ್ರಾನುಗಳು ಹೊತ್ತು ತಂದು ತಳದಲ್ಲಿ ಸುರಿಯುತ್ತವೆ. ಬೆಳಕನ್ನು ಕಾಣದ ಕ್ರೋಮಿಯಮ್ಮು ಬೆಳಕು ಬಿದ್ದ ಚಿನ್ನಕ್ಕಿಂತ ಹೆಚ್ಚು ಕಾಯುತ್ತದೆ. ಬರಿಯ ಅಂಟೆಂದು ಹಾಕಿದ ಪದರವೇ ಪ್ರಯೋಗದ ಫಲವನ್ನು ಬದಲಿಸುತ್ತದೆ. ಅದರ ದಪ್ಪವನ್ನು ಹೇಳದೆ ಕೊಟ್ಟ ಹಾನಿಮಿತಿಯ ಅಂಕಿಯನ್ನು ವಿದ್ಯಾರ್ಥಿಗಳು ಸಂಶಯದಿಂದಲೇ ನೋಡಬೇಕೆಂಬುದು ನಮ್ಮ ಅಭಿಪ್ರಾಯ.

ಚಿನ್ನದ ದಪ್ಪವನ್ನೂ ಹೇಳಬೇಕು. ಪೊರೆಯು ದಪ್ಪವಾದಂತೆ ಹಾನಿಮಿತಿಯೂ ಏರುತ್ತದೆ. ಎಲೆಕ್ಟ್ರಾನುಗಳು ಉಷ್ಣವನ್ನು ಒಯ್ಯಬಲ್ಲ ದೂರವನ್ನು ದಪ್ಪವು ಮೀರಿದ ಮೇಲೆ ಈ ಏರಿಕೆ ನಿಲ್ಲುತ್ತದೆ. ಚಿನ್ನದಲ್ಲಿ ಆ ದೂರ ಹಲವು ನೂರು ನ್ಯಾನೋಮೀಟರು. ನಿಕ್ಕಲಿನಲ್ಲಿ ಕೆಲವು ಹತ್ತುಗಳು ಮಾತ್ರ.