ಕುಗ್ಗಿದ ಉಸಿರಿಗೆ ಹೊಸ ಆಸರೆ

ಶ್ವಾಸನಾಳಗಳು ಊದಿಕೊಂಡು ಕಿರಿದಾಗಿ, ಅವುಗಳ ತುದಿಯ ಗಾಳಿಚೀಲಗಳು ಶಿಥಿಲಗೊಂಡು, ಒಳಗೆ ಹೋದ ಗಾಳಿ ಸರಾಗವಾಗಿ ಹೊರಬಾರದಿರುವ ದೀರ್ಘಕಾಲದ ಕಾಯಿಲೆಯನ್ನು ವೈದ್ಯರು ಸಿಒಪಿಡಿ ಎನ್ನುತ್ತಾರೆ. ಬೀಡಿ, ಸಿಗರೇಟು ಇದರ ಮುಖ್ಯ ಕಾರಣಗಳಾದರೂ, ಎಂದೂ ಧೂಮಪಾನ ಮಾಡದ, ಆದರೆ ಗಾಳಿಯಾಡದ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಸೌದೆ, ಬೆರಣಿಗಳ ಹೊಗೆ ಕುಡಿದ ಹೆಂಗಸರನ್ನೂ ಇದು ಬಾಧಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2021ರಲ್ಲಿ ಈ ಕಾಯಿಲೆಯಿಂದ ಜಗತ್ತಿನಲ್ಲಿ ಸುಮಾರು 35 ಲಕ್ಷ ಜನ ಸತ್ತರು.

ಒಮ್ಮೆ ನಾಶವಾದ ಗಾಳಿಚೀಲಗಳು ಮತ್ತೆ ಮೊದಲಿನಂತಾಗುವುದಿಲ್ಲವಾದ್ದರಿಂದ ರೋಗವನ್ನು ಬೇಗನೆ ಗುರುತಿಸುವುದೇ ಚಿಕಿತ್ಸೆಯ ತಳಹದಿ. 1846ರಲ್ಲಿ ಜಾನ್ ಹಚಿನ್ಸನ್ ಲಂಡನ್ನಿನಲ್ಲಿ ಪರಿಚಯಿಸಿದ ಸ್ಪೈರೋಮೀಟರ್ ಎಂಬ ಉಸಿರಳೆಯುವ ಸಾಧನವೇ, ಸುಧಾರಿತ ರೂಪದಲ್ಲಿ, ಇಂದಿಗೂ ಇದಕ್ಕೆ ಆಧಾರವಾಗಿದೆ. ರೋಗಿಯು ಎದೆ ತುಂಬ ಉಸಿರೆಳೆದು, ಸಾಧನದ ಕೊಳವೆಯನ್ನು ತುಟಿಗಳಿಂದ ಬಿಗಿಹಿಡಿದು, ಒಂದೇ ಸಮನೆ ಜೋರಾಗಿ ಊದಬೇಕು. ನಾಳಗಳನ್ನು ಹಿಗ್ಗಿಸುವ ಔಷಧ ಕೊಟ್ಟ ಬಳಿಕವೂ ಮೊದಲ ಸೆಕೆಂಡಿನಲ್ಲಿ ಹೊರಬಂದ ಗಾಳಿ ಒಟ್ಟು ಊದಿದ್ದರ ಶೇ. 70ಕ್ಕಿಂತ ಕಡಿಮೆಯಿದ್ದರೆ ಅಡಚಣೆ ಇದೆಯೆಂದು ತಿಳಿಯಲಾಗುತ್ತದೆ.

ಚಿಕಿತ್ಸೆಯಲ್ಲಿ ಗಮನಾರ್ಹ ಬದಲಾವಣೆಗಳಾಗಿವೆ. ನಾಳದ ಸ್ನಾಯುಗಳನ್ನು ಎರಡು ಬೇರೆ ಬಗೆಗಳಲ್ಲಿ ಸಡಿಲಿಸುವ ಔಷಧಗಳ ಜೊತೆಗೆ ಉರಿಯೂತ ತಗ್ಗಿಸುವ ಸ್ಟೀರಾಯ್ಡನ್ನೂ ಸೇರಿಸಿದ ಒಂದೇ ಇನ್ಹೇಲರ್, ಪದೇಪದೇ ರೋಗ ಉಲ್ಬಣಿಸುವವರಿಗೆ ನೆರವಾಗುತ್ತಿದೆ. ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಬಿಳಿಯ ಕಣಗಳು ಹೆಚ್ಚಿರುವವರಿಗಾಗಿ ಅಮೆರಿಕವು 2024ರಲ್ಲಿ ಅನುಮತಿಸಿದ ಡುಪಿಲುಮ್ಯಾಬ್ ಚುಚ್ಚುಮದ್ದು, ಪ್ರಯೋಗಗಳಲ್ಲಿ ಇಂಥ ಉಲ್ಬಣಗಳನ್ನು ಸುಮಾರು ಮೂರನೇ ಒಂದರಷ್ಟು ತಗ್ಗಿಸಿತು. ಎಲ್ಲ ರೋಗಿಗಳಿಗೂ ಒಂದೇ ಮದ್ದು ಎಂಬ ಕಾಲ ಮುಗಿಯುತ್ತಿರುವುದಕ್ಕೆ ಇದು ಸಾಕ್ಷಿ.

ಆದರೆ ಔಷಧದಷ್ಟೇ ಬಲವುಳ್ಳ ಉಪಾಯಗಳು ಇನ್ನೂ ಬಹುಪಾಲು ರೋಗಿಗಳನ್ನು ತಲುಪಿಲ್ಲ. ನಡಿಗೆ, ಕೈಕಾಲುಗಳ ವ್ಯಾಯಾಮ, ಉಸಿರಾಟದ ತರಬೇತಿ ಮತ್ತು ಪೌಷ್ಟಿಕ ಆಹಾರವನ್ನು ಒಳಗೊಂಡ ಶ್ವಾಸಕೋಶ ಪುನಶ್ಚೇತನವು ಏದುಸಿರನ್ನು ತಗ್ಗಿಸಿ, ರೋಗಿಯು ತನ್ನ ದಿನನಿತ್ಯದ ಕೆಲಸಗಳನ್ನು ತಾನೇ ಮಾಡಿಕೊಳ್ಳುವಂತೆ ಮಾಡುತ್ತದೆ. ಒತ್ತಿ ಸಿಂಪಡಿಸುವ ಬಗೆಯ ಇನ್ಹೇಲರನ್ನು ಕುಲುಕಿ, ಉಸಿರು ಹೊರಬಿಟ್ಟು, ಔಷಧವನ್ನು ನಿಧಾನವಾಗಿ ಒಳಗೆಳೆದು ಹತ್ತು ಸೆಕೆಂಡು ಹಿಡಿಯುವ ಕ್ರಮ ತಪ್ಪಿದರೆ ದುಬಾರಿ ಮದ್ದೂ ಗಂಟಲಲ್ಲೇ ಉಳಿಯುತ್ತದೆ. ಧೂಮಪಾನ ಬಿಟ್ಟವರಲ್ಲಿ ಶ್ವಾಸಕೋಶದ ಕುಸಿತ ನಿಧಾನವಾಗುವುದಂತೂ ದೀರ್ಘಕಾಲದ ಅಧ್ಯಯನಗಳಿಂದ ದೃಢಪಟ್ಟಿದೆ.

ಆದ್ದರಿಂದ ಬಿಡದ ಕೆಮ್ಮು, ಕಫ, ಮೆಟ್ಟಿಲೇರುವಾಗಿನ ಏದುಸಿರುಗಳನ್ನು ವಯಸ್ಸಿನ ಸಹಜ ಲಕ್ಷಣವೆಂದು ತಳ್ಳಿಹಾಕದೆ, ಹೊಗೆಯ ಒಡನಾಟವಿದ್ದ ಪ್ರತಿಯೊಬ್ಬರೂ ಒಮ್ಮೆ ಸ್ಪೈರೋಮೆಟ್ರಿ ಪರೀಕ್ಷೆ ಮಾಡಿಸಿಕೊಳ್ಳಬೇಕು.